ಅಮೆರಿಕದಲ್ಲಿ ಎಚ್‌ಓಎ ಇರುವ ಮನೆ: ಕೊಳ್ಳುವ ಮೊದಲು ಏನು ನೋಡಬೇಕು, ಕೊಂಡ ಮೇಲೆ ಹೇಗೆ ಬಾಳಬೇಕು

ಡಲ್ಲಾಸ್ ಪಕ್ಕದ ಫ್ರಿಸ್ಕೋ, ಹ್ಯೂಸ್ಟನ್ ಪಕ್ಕದ ಕೇಟಿ, ನಾರ್ತ್ ಕ್ಯಾರೊಲಿನಾದ ಕೇರಿ. ಇಂಥ ಊರುಗಳಲ್ಲಿ ಹೊಸ ಬಡಾವಣೆಯಲ್ಲಿ ಮನೆ ನೋಡಲು ಹೋದರೆ ಬೆಲೆಯ ಜೊತೆಗೆ ಇನ್ನೊಂದು ಮಾತು ಬಂದೇ ಬರುತ್ತದೆ. ಎಚ್‌ಓಎ, ಅಂದರೆ ಹೋಮ್‌ಓನರ್ಸ್ ಅಸೋಸಿಯೇಷನ್. ಅಮೆರಿಕದಲ್ಲಿ ಏಳು ಕೋಟಿಗೂ ಹೆಚ್ಚು ಜನ ಇಂಥ ಅಸೋಸಿಯೇಷನ್‌ಗಳ ಕೆಳಗೆ ಬದುಕುತ್ತಿದ್ದಾರೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನೋಡಿದವರು ಇದನ್ನೂ ಹಾಗೇ ಅಂದುಕೊಳ್ಳುತ್ತಾರೆ. ಅಲ್ಲಿ ಮಾತೆಲ್ಲ ಲಿಫ್ಟು, ಟ್ಯಾಂಕರ್ ನೀರು, ಸೆಕ್ಯುರಿಟಿ, ಮೇಂಟೆನೆನ್ಸ್ ಬಾಕಿ. ಇಲ್ಲಿ ಹಾಗಲ್ಲ. ನಾಲ್ಕೂ ಕಡೆ ಜಾಗ ಇರುವ ಬಿಡಿ ಮನೆಯಾದರೂ ಬಾಗಿಲಿಗೆ ಯಾವ ಬಣ್ಣ, ಬೇಲಿ ಎಷ್ಟು ಎತ್ತರ, ಹುಲ್ಲು ಎಷ್ಟುದ್ದ, ಕಸದ ಡಬ್ಬಿ ಎಷ್ಟು ಹೊತ್ತು ಹೊರಗಿರಬಹುದು ಅನ್ನುವುದೂ ಅಸೋಸಿಯೇಷನ್ ಕೈಯಲ್ಲಿರುತ್ತದೆ. ನನಗೆ ಬೇಡ ಅಂತ ಬಿಡುವ ಹಾಗಿಲ್ಲ. ಮನೆಯ ಪತ್ರದ ಜೊತೆಗೇ ಸದಸ್ಯತ್ವವೂ ಅಂಟಿಕೊಂಡು ಬರುತ್ತದೆ. ದುಡ್ಡು ಕಟ್ಟದಿದ್ದರೆ ಮನೆಯ ಮೇಲೆ ಲೀನ್ ಹಾಕಬಹುದು. ಅಂದರೆ ಮನೆ ಮಾರುವಾಗ ಆ ಬಾಕಿ ತೀರಲೇಬೇಕು. ಕೊನೆಗೆ ಹರಾಜಿನವರೆಗೂ ಹೋಗಬಹುದು.

ಹಾಗಂತ ಹೆದರಿ ಓಡಬೇಕಾಗಿಲ್ಲ. ಪಾರ್ಕು, ಈಜುಕೊಳ, ಮಕ್ಕಳು ಸೈಕಲ್ ಹೊಡೆಯುವ ದಾರಿ, ಎಲ್ಲವೂ ಅದೇ ಹಣದಿಂದ ನಡೆಯುತ್ತವೆ. ನಾನು ಕಂಡಂತೆ ನಮ್ಮವರಿಗೆ ಕಷ್ಟ ಬರುವುದು ನಿಯಮದಿಂದಲ್ಲ, ಸುಮ್ಮನಿರುವುದರಿಂದ. ಕೊಳ್ಳುವಾಗ ಕಾಗದ ಓದುವುದಿಲ್ಲ. ನೋಟಿಸ್ ಬಂದರೆ ಉತ್ತರ ಬರೆಯುವುದಿಲ್ಲ. ಮೀಟಿಂಗಿಗೆ ಹೋಗುವುದಿಲ್ಲ. ಈ ಮೂರನ್ನೂ ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಆಫರ್ ಕೊಡುವ ಮೊದಲೇ ಕಾಗದ ಕೇಳಿ

ರಿಯಲ್ಟರ್ ಹತ್ತಿರ ಬರೀ "ಎಚ್‌ಓಎ ಎಷ್ಟು?" ಅಂತ ಕೇಳಿದರೆ ತಿಂಗಳಿಗಿಷ್ಟು ಅಂತ ಒಂದು ಸಂಖ್ಯೆ ಸಿಗುತ್ತದೆ, ಅಷ್ಟೇ. ಅದು ಸಾಲದು. ಡಿಕ್ಲರೇಷನ್ ಕೇಳಿ, ಅಂದರೆ ಬಡಾವಣೆಯ ಎಲ್ಲ ಮನೆಗಳಿಗೂ ಅನ್ವಯಿಸುವ ಮೂಲ ಕರಾರು. ಇದನ್ನೇ ಎಲ್ಲರೂ ಸಿಸಿ ಅಂಡ್ ಆರ್ ಅನ್ನುತ್ತಾರೆ, ಎಲ್ಲಕ್ಕಿಂತ ಬಲವಾದ ಕಾಗದ ಇದೇ. ಇದರ ಜೊತೆ ಬೈಲಾ, ಅಸೋಸಿಯೇಷನ್ ನಡೆಸುವ ಬೋರ್ಡ್ ಮಾಡಿದ ರೂಲ್ಸ್, ದಂಡದ ಪಟ್ಟಿ, ಈ ವರ್ಷದ ಬಜೆಟ್, ರಿಸರ್ವ್ ಸ್ಟಡಿ (ಮುಂದಿನ ದೊಡ್ಡ ರಿಪೇರಿಗೆ ಎಷ್ಟು ಹಣ ಕೂಡಿಡಬೇಕು ಅನ್ನುವ ವರದಿ), ಕಳೆದ ಒಂದು ವರ್ಷದ ಮೀಟಿಂಗ್ ಮಿನಿಟ್ಸ್ ಕೇಳಿ. ಅಸೋಸಿಯೇಷನ್ ಮೇಲೆ ಕೋರ್ಟ್ ಕೇಸ್ ಇದೆಯಾ ಅಂತಲೂ ಕೇಳಿ.

ಕ್ಯಾಲಿಫೋರ್ನಿಯಾದಲ್ಲಿ ಇವುಗಳಲ್ಲಿ ಬಹಳಷ್ಟನ್ನು ಮಾರುವವರೇ ಕೊಡಬೇಕು. 1985ರ ಡೇವಿಸ್-ಸ್ಟರ್ಲಿಂಗ್ ಕಾಯ್ದೆ ಹಾಗೆ ಹೇಳುತ್ತದೆ. ಟೆಕ್ಸಸ್‌ನಲ್ಲಿ ರೀಸೇಲ್ ಸರ್ಟಿಫಿಕೇಟ್ ಅಂತ ಒಂದಿದೆ. ಹಳೆಯ ಬಾಕಿ, ಈಗಾಗಲೇ ಇರುವ ನಿಯಮಭಂಗ ಎಲ್ಲ ಅದರಲ್ಲಿ ಗೊತ್ತಾಗುತ್ತದೆ. 2021ರ ಕಾನೂನಿನ ನಂತರ ಬಡಾವಣೆಯ ಅಸೋಸಿಯೇಷನ್‌ಗಳು ಇದಕ್ಕೆ 375 ಡಾಲರಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನು ತಪ್ಪದೆ ತರಿಸಿಕೊಳ್ಳಿ. ಹಿಂದಿನವರು ಅನುಮತಿ ಇಲ್ಲದೆ ಕಟ್ಟಿದ ಪರ್ಗೋಲಾ (ಅಂಗಳದ ಚಪ್ಪರ) ಕೆಡವುವ ಖರ್ಚು ನಿಮ್ಮ ತಲೆ ಮೇಲೆ ಬರಬಾರದು.

ನೂರಾರು ಪುಟ ಓದುವುದು ಹೇಗೆ ಅಂತೀರಾ? ಪಿಡಿಎಫ್‌ನಲ್ಲಿ ಹುಡುಕಿ. ಪಾರ್ಕಿಂಗ್, ಲೀಸ್, ಫೆನ್ಸ್, ಎಕ್ಸ್‌ಟೀರಿಯರ್, ಪೆಟ್, ಗೆಸ್ಟ್, ಫೈನ್, ಅಸೆಸ್‌ಮೆಂಟ್, ರಿಲಿಜಿಯಸ್. ಈ ಪದಗಳು ಬರುವ ಪ್ಯಾರಾಗಳನ್ನು ನಿಧಾನವಾಗಿ ಓದಿ. ಮಿನಿಟ್ಸ್ ಮಾತ್ರ ಪೂರ್ತಿ ಓದಿ. ಅಸೋಸಿಯೇಷನ್ನಿನ ನಿಜವಾದ ಮುಖ ಕಾಣುವುದು ಅಲ್ಲೇ. ಪ್ರತಿ ಸಲವೂ ಛಾವಣಿ ಸೋರಿಕೆಯ ಮಾತು ಬರುತ್ತಿದೆಯಾ, ಮ್ಯಾನೇಜ್‌ಮೆಂಟ್ ಕಂಪನಿ ಪದೇ ಪದೇ ಬದಲಾಗಿದೆಯಾ, ಒಬ್ಬಿಬ್ಬರೇ ಸೇರಿ ಎಲ್ಲ ತೀರ್ಮಾನ ಮಾಡುತ್ತಿದ್ದಾರಾ, ಎಲ್ಲ ತಿಳಿಯುತ್ತದೆ.

ಹಳೆಯ ಬಡಾವಣೆಯ ಡಿಕ್ಲರೇಷನ್ನಿನಲ್ಲಿ ಒಮ್ಮೊಮ್ಮೆ ಎದೆ ಧಸಕ್ಕೆನ್ನುವ ಸಾಲುಗಳೂ ಸಿಗುತ್ತವೆ. ಬಿಳಿಯರಲ್ಲದವರು ಇಲ್ಲಿ ವಾಸಿಸಬಾರದು ಅಂತ. ಅದು ಬರೀ ಕರಿಯರ ವಿರುದ್ಧ ಇರಲಿಲ್ಲ, ಏಷ್ಯಾದವರ ವಿರುದ್ಧವೂ ಇತ್ತು. ಇಂಥ ಕರಾರನ್ನು ಕೋರ್ಟು ಜಾರಿ ಮಾಡುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಶೆಲ್ಲಿ ವಿರುದ್ಧ ಕ್ರೇಮರ್ ಕೇಸಿನಲ್ಲಿ ಹೇಳಿತು. 1968ರ ಫೇರ್ ಹೌಸಿಂಗ್ ಕಾಯ್ದೆ ಮನೆ ಮಾರಾಟ, ಬಾಡಿಗೆಯಲ್ಲಿ ಇಂಥ ಭೇದವನ್ನೇ ನಿಷೇಧಿಸಿತು. ಆ ಸಾಲುಗಳಿಗೆ ಈಗ ಬೆಲೆಯಿಲ್ಲ. ಕಂಡರೆ ತೆಗೆಸಿಹಾಕಿ ಅಂತ ಕೇಳಲು ಹಿಂಜರಿಯಬೇಡಿ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಅದಕ್ಕೆ ದಾರಿಯಿದೆ.

ದುಡ್ಡಿನ ಲೆಕ್ಕ

ಡ್ಯೂಸ್, ಅಂದರೆ ಅಸೋಸಿಯೇಷನ್ನಿಗೆ ಕಟ್ಟುವ ಹಣ, ಕಡಿಮೆ ಇದ್ದರೆ ಒಳ್ಳೆಯದು ಅಂತ ಎಲ್ಲರಿಗೂ ಅನಿಸುತ್ತದೆ. ಬಿಡಿ ಮನೆಗಳ ಬಡಾವಣೆಯಲ್ಲಿ ಅದು ಬಹುಮಟ್ಟಿಗೆ ಸರಿ. ಟೌನ್‌ಹೋಮ್ (ಸಾಲುಮನೆ), ಕಾಂಡೋ (ಸ್ವಂತ ಫ್ಲಾಟು) ಇಂಥವುಗಳಲ್ಲಿ ಅದೇ ಅಪಾಯ. ಅಲ್ಲಿ ಛಾವಣಿ, ಹೊರಗೋಡೆ, ಲಿಫ್ಟು, ಪೈಪು ಎಲ್ಲ ಅಸೋಸಿಯೇಷನ್ನಿನ ಹೊಣೆ. ಮುಂದೆ ಬರುವ ದೊಡ್ಡ ರಿಪೇರಿಗೆ ಹಣ ಕೂಡಿಡದಿದ್ದರೆ ಒಂದು ದಿನ ಎಲ್ಲರ ಮನೆಗೂ ಸ್ಪೆಷಲ್ ಅಸೆಸ್‌ಮೆಂಟ್, ಅಂದರೆ ಹೆಚ್ಚುವರಿ ವಂತಿಗೆ ಬರುತ್ತದೆ. ಸಾವಿರಗಟ್ಟಲೆ ಡಾಲರ್, ಕೆಲವು ಕಡೆ ಅದಕ್ಕೂ ತುಂಬಾ ಜಾಸ್ತಿ.

ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರಂದು ಚಾಂಪ್ಲೇನ್ ಟವರ್ಸ್ ಸೌತ್ ಅನ್ನುವ ಕಾಂಡೋ ಕಟ್ಟಡ ಕುಸಿದು 98 ಜನ ತೀರಿಕೊಂಡರು. ಕಟ್ಟಡಕ್ಕೆ ಸುಮಾರು 40 ವರ್ಷವಾಗಿತ್ತು. ರಿಪೇರಿ ಬೇಕು ಅಂತ ಎಂಜಿನಿಯರ್ ವರದಿ ಮೊದಲೇ ಬಂದಿತ್ತು. ಸುಮಾರು ಒಂದೂವರೆ ಕೋಟಿ ಡಾಲರ್ ಹೊಂದಿಸುವ ಬಗ್ಗೆ ಮಾಲೀಕರ ನಡುವೆ ವರ್ಷಗಟ್ಟಲೆ ಎಳೆದಾಟ ನಡೆದಿತ್ತು. ಅದಾದ ಮೇಲೆ ಫ್ಲೋರಿಡಾ ಹಳೆಯ ಎತ್ತರದ ಕಟ್ಟಡಗಳಿಗೆ ತಪಾಸಣೆ ಮತ್ತು ಮೀಸಲು ಹಣದ ನಿಯಮಗಳನ್ನು ಬಿಗಿ ಮಾಡಿತು. ಕಾಂಡೋ ಕೊಳ್ಳುವಾಗ ರಿಸರ್ವ್ ಸ್ಟಡಿ ನೋಡಿ ಅನ್ನುವುದು ಬರೀ ದುಡ್ಡಿನ ಮಾತಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ನೋಡಿ ರಿಸರ್ವ್ ಸ್ಟಡಿ ಮಾಡಿಸಬೇಕು. ಸದಸ್ಯರ ಮತವಿಲ್ಲದೆ ವರ್ಷಕ್ಕೆ 20 ಶೇಕಡಕ್ಕಿಂತ ಜಾಸ್ತಿ ಡ್ಯೂಸ್ ಏರಿಸುವಂತಿಲ್ಲ. ಸ್ಪೆಷಲ್ ಅಸೆಸ್‌ಮೆಂಟ್ ಆ ವರ್ಷದ ಬಜೆಟ್ ಖರ್ಚಿನ 5 ಶೇಕಡ ಮೀರುವಂತಿಲ್ಲ. ತುರ್ತು ಕೆಲಸಕ್ಕೆ ಮಾತ್ರ ಇದರಿಂದ ವಿನಾಯಿತಿ. ಎಲ್ಲ ರಾಜ್ಯದಲ್ಲೂ ಇಂಥ ಕಡಿವಾಣ ಇಲ್ಲ. ನಿಮ್ಮ ಡಿಕ್ಲರೇಷನ್ ಏನು ಹೇಳುತ್ತದೆ ಅಂತ ನೋಡಿಕೊಳ್ಳಿ.

ಇನ್ನೆರಡು ಮಾತು. ಡ್ಯೂಸ್ ಸಾಮಾನ್ಯವಾಗಿ ಮಾರ್ಟ್‌ಗೇಜ್ ಕಂತಿನ ಜೊತೆ ಹೋಗುವುದಿಲ್ಲ. ಆಸ್ತಿ ತೆರಿಗೆ, ಇನ್ಶೂರೆನ್ಸ್ ಕಂತಿನ ಜೊತೆ ಹಣ ಕೂಡಿಡುವ ಎಸ್ಕ್ರೋ ಖಾತೆಯಿಂದ ಹೋಗುತ್ತವಲ್ಲ, ಇದೂ ಹೋಗುತ್ತದೆ ಅಂದುಕೊಂಡು ಹೊಸಬರು ಬಾಕಿ ಬೀಳುತ್ತಾರೆ. ಟೆಕ್ಸಸ್‌ನ ಹೊಸ ಬಡಾವಣೆಗಳಲ್ಲಿ ಮಡ್ ಟ್ಯಾಕ್ಸ್ ಅಂತ ಬೇರೆ ಇರಬಹುದು. ಅದು ನೀರು, ಚರಂಡಿ ವ್ಯವಸ್ಥೆಯ ಸಾಲ ತೀರಿಸುವ ತೆರಿಗೆ, ಎಚ್‌ಓಎಗೂ ಅದಕ್ಕೂ ಸಂಬಂಧ ಇಲ್ಲ. ಎರಡನ್ನೂ ಕೂಡಿಸಿಯೇ ತಿಂಗಳ ಖರ್ಚು ಲೆಕ್ಕ ಹಾಕಿ. ಕಾಂಡೋ ಆದರೆ ಎಚ್‌ಓ-6 ಪಾಲಿಸಿ, ಅಂದರೆ ಕಾಂಡೋ ಮಾಲೀಕರ ವಿಮೆ ತೆಗೆದುಕೊಳ್ಳಿ. ಅದರಲ್ಲಿ ಲಾಸ್ ಅಸೆಸ್‌ಮೆಂಟ್ ಕವರೇಜ್ ಎಷ್ಟಿದೆ ಅಂತ ಏಜೆಂಟನ್ನು ಕೇಳಿ. ಅಸೋಸಿಯೇಷನ್ನಿನ ವಿಮೆ ಸಾಲದೆ ಬಂದ ನಷ್ಟದಲ್ಲಿ ನಿಮ್ಮ ಪಾಲಿಗೆ ಬೀಳುವುದನ್ನು ಅದು ಒಂದು ಮಿತಿಯವರೆಗೆ ಭರಿಸುತ್ತದೆ.

ಬೀಗದ ಕೈ ಸಿಕ್ಕ ವಾರ

ಗೃಹಪ್ರವೇಶದ ಗಡಿಬಿಡಿಯಲ್ಲಿ ಇದನ್ನು ಮರೆಯಬೇಡಿ. ಮ್ಯಾನೇಜ್‌ಮೆಂಟ್ ಕಂಪನಿಯ ಪೋರ್ಟಲ್‌ನಲ್ಲಿ ಖಾತೆ ತೆರೆಯಿರಿ. ಗಂಡ ಹೆಂಡತಿ ಇಬ್ಬರ ಇಮೇಲ್, ಅಂಚೆ ವಿಳಾಸ ಎರಡನ್ನೂ ಬರಹದಲ್ಲೇ ಕೊಡಿ. ನೋಟಿಸ್ ಕಳಿಸುವಾಗ ಅವರ ದಾಖಲೆಯಲ್ಲಿರುವ ಕೊನೆಯ ವಿಳಾಸಕ್ಕೆ ಕಳಿಸಿದರೆ ಸಾಕಾಗುತ್ತದೆ. ಅದು ನಿಮ್ಮ ಹಳೆಯ ಅಪಾರ್ಟ್‌ಮೆಂಟಿನ ವಿಳಾಸ ಆಗಿದ್ದರೆ ಕಷ್ಟ. ಆಟೋಪೇ ಹಾಕಿ, ಮೊದಲ ಪಾವತಿ ನಿಜವಾಗಿ ಹೋಯಿತಾ ನೋಡಿ. ಮನೆಯ ಹೊರಗಿನ ನಾಲ್ಕೂ ಬದಿಯ ಫೋಟೋ ತೆಗೆದು ದಿನಾಂಕದ ಸಮೇತ ಇಟ್ಟುಕೊಳ್ಳಿ. ಬೇಲಿ ಮೊದಲೇ ಹೀಗಿತ್ತು ಅಂತ ತೋರಿಸಬೇಕಾದಾಗ ಅವು ಬೇಕು.

ಹೊರಗೆ ಏನಾದರೂ ಬದಲಿಸುವ ಮೊದಲು

ಬಣ್ಣ, ಬೇಲಿ, ಡೆಕ್, ಶೆಡ್, ಮರ ಕಡಿಯುವುದು, ಡ್ರೈವ್‌ವೇ ಅಗಲ ಮಾಡುವುದು, ಸೋಲಾರ್, ಬಾಗಿಲಿನ ಕ್ಯಾಮರಾ ಕೂಡ. ಹೊರಗಿನಿಂದ ಕಾಣುವುದು ಯಾವುದೇ ಆದರೂ ಮೊದಲು ಆರ್ಕಿಟೆಕ್ಚರಲ್ ಕಮಿಟಿಗೆ ಅರ್ಜಿ ಹಾಕಬೇಕೇ ಅಂತ ನೋಡಿ. ಬಹಳಷ್ಟು ಕಡೆ ಹಾಕಬೇಕು.

ಅರ್ಜಿಯ ಜೊತೆ ಮನೆಯ ಸರ್ವೇ ನಕ್ಷೆ ಇರಲಿ. ಎಲ್ಲಿ ಏನು ಬರುತ್ತದೆ ಅಂತ ಅದರ ಮೇಲೇ ಗುರುತು ಹಾಕಿ. ಎತ್ತರ, ಅಗಲ, ಯಾವ ಮರ ಅಥವಾ ಲೋಹ, ಬಣ್ಣದ ಕಂಪನಿ ಮತ್ತು ಕೋಡ್, ಈಗಿನ ಸ್ಥಿತಿಯ ಫೋಟೋ, ಕಂಟ್ರಾಕ್ಟರ್ ಕೊಟ್ಟ ಅಂದಾಜು, ಎಲ್ಲ ಸೇರಿಸಿ. ಅರ್ಜಿಗಳು ತಡವಾಗುವುದು ಹೆಚ್ಚಾಗಿ ಇವುಗಳಲ್ಲಿ ಒಂದು ಇಲ್ಲದ್ದರಿಂದ. ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಒಪ್ಪಿದ ಹಾಗಾ ಅಥವಾ ತಿರಸ್ಕರಿಸಿದ ಹಾಗಾ ಅನ್ನುವುದು ಡಿಕ್ಲರೇಷನ್ನಿನಲ್ಲಿ ಇರುತ್ತದೆ. ಒಂದೊಂದು ಕಡೆ ಒಂದೊಂದು ಥರ.

ಬರಹದ ಒಪ್ಪಿಗೆ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ. "ಪಕ್ಕದ ಬೀದಿಯಲ್ಲಿ ಹೀಗೇ ಮಾಡಿದ್ದೇವೆ, ಏನೂ ಆಗಲ್ಲ" ಅಂತ ಕಂಟ್ರಾಕ್ಟರ್ ಹೇಳುತ್ತಾನೆ. ಅವನು ಕೆಲಸ ಮುಗಿಸಿ ಹೋಗುತ್ತಾನೆ, ಉಳಿಯುವವರು ನೀವು. ಪಕ್ಕದ ಮನೆಯಲ್ಲಿ ಇದೆ ಅನ್ನುವುದೂ ಒಪ್ಪಿಗೆ ಅಲ್ಲ. ಊರಿನ ಪರ್ಮಿಟ್ ಬೇರೆ, ಎಚ್‌ಓಎ ಒಪ್ಪಿಗೆ ಬೇರೆ. ಒಂದು ಸಿಕ್ಕಿದರೆ ಇನ್ನೊಂದು ಸಿಕ್ಕ ಹಾಗಲ್ಲ.

ಕೆಲವು ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ಒಂದು ಮೀಟರ್ ಅಥವಾ ಅದಕ್ಕಿಂತ ಚಿಕ್ಕ ಡಿಶ್ ಆಂಟೆನಾವನ್ನು ನಿಮ್ಮದೇ ಜಾಗದಲ್ಲಿ ಹಾಕಲು ಅಡ್ಡಿ ಮಾಡಬಾರದು ಅಂತ ಪ್ರಸಾರ, ದೂರಸಂಪರ್ಕ ನೋಡಿಕೊಳ್ಳುವ ಕೇಂದ್ರದ ಎಫ್‌ಸಿಸಿ 1996ರಲ್ಲೇ ನಿಯಮ ಮಾಡಿದೆ. ಅಮೆರಿಕದ ಬಾವುಟ ಹಾರಿಸುವುದಕ್ಕೆ 2005ರ ಕಾಯ್ದೆಯ ಬೆಂಬಲವಿದೆ. ಸೋಲಾರ್ ಪ್ಯಾನೆಲ್‌ಗೆ ಟೆಕ್ಸಸ್, ಕ್ಯಾಲಿಫೋರ್ನಿಯಾ, ಫ್ಲೋರಿಡಾ ಸೇರಿದಂತೆ ಹಲವು ರಾಜ್ಯಗಳಲ್ಲಿ ರಕ್ಷಣೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅಸೋಸಿಯೇಷನ್ನಿನ ಷರತ್ತಿನಿಂದ ಸೋಲಾರ್ ವಿದ್ಯುತ್ ವ್ಯವಸ್ಥೆಯ ಖರ್ಚು 1,000 ಡಾಲರಿಗಿಂತ ಜಾಸ್ತಿ ಏರಬಾರದು, ಉತ್ಪಾದನೆ 10 ಶೇಕಡಕ್ಕಿಂತ ಜಾಸ್ತಿ ಇಳಿಯಬಾರದು. ರಕ್ಷಣೆ ಇದ್ದರೂ ಅರ್ಜಿ ಹಾಕಿಯೇ ಮುಂದುವರಿಯಿರಿ. ಕಾನೂನಿನ ಕಲಂ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆದರೆ ಮಾತು ಬೇಗ ಮುಗಿಯುತ್ತದೆ.

ರಂಗೋಲಿ, ತೋರಣ, ಚಪ್ಪಲಿ, ಸಂಡಿಗೆ

ಎಚ್‌ಓಎ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ಈ ಭಾಗ ಬರೆಯುವುದಿಲ್ಲ. ನಮಗೆ ಬೇಕಾದ್ದು ಇದೇ.

ಬಾಗಿಲಿನ ತೋರಣ, ಹೊಸ್ತಿಲ ಮೇಲಿನ ಗಣಪತಿ, ಅಂಗಳದ ತುಳಸಿಕಟ್ಟೆ. ಟೆಕ್ಸಸ್‌ನಲ್ಲಿ 2011ರಲ್ಲಿ ಬಂದ ಕಾನೂನು ಬಾಗಿಲಿನ ಬಳಿ ಬರೀ 25 ಚದರ ಇಂಚಿನಷ್ಟು ಧಾರ್ಮಿಕ ವಸ್ತುವಿಗೆ ರಕ್ಷಣೆ ಕೊಟ್ಟಿತ್ತು. 2021ರಲ್ಲಿ ಆ ಮಿತಿ ತೆಗೆದರು. ಈಗ ಮನೆಯ ಮೇಲೆ ಮಾತ್ರವಲ್ಲ, ನಿಮ್ಮ ಜಾಗದಲ್ಲೂ ನಂಬಿಕೆಯಿಂದ ಇಟ್ಟದ್ದಕ್ಕೆ ರಕ್ಷಣೆ ಇದೆ. ಸುರಕ್ಷತೆಗೆ ತೊಂದರೆ ಆಗಬಾರದು, ಸಾಮೂಹಿಕ ಜಾಗದಲ್ಲಿ ಇರಬಾರದು, ಬಿಡಬೇಕಾದ ಅಂಚನ್ನು ಮೀರಬಾರದು. ಹಾಗಾಗಿ ತುಳಸಿಕಟ್ಟೆಯನ್ನು ಫುಟ್‌ಪಾತಿಗೆ ತಾಗಿಸಿ ಕಟ್ಟಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಮನೆಬಾಗಿಲು ಮತ್ತು ಅದರ ಚೌಕಟ್ಟಿನ ಮೇಲಿನ ಧಾರ್ಮಿಕ ವಸ್ತುಗಳಿಗೆ ಇಂಥದೇ ರಕ್ಷಣೆ ಇದೆ. ಅಲ್ಲಿ ಅದು ಬಾಗಿಲಿಗೆ ಸೀಮಿತ, ಅಂಗಳಕ್ಕೆ ಬರುವುದಿಲ್ಲ.

ಚಪ್ಪಲಿಯದು ಬೇರೆ ಕಥೆ. ಕಾಂಡೋ ಕಾರಿಡಾರಿನಲ್ಲಿ ಬಾಗಿಲ ಹೊರಗೆ ಚಪ್ಪಲಿ ಬಿಡುವುದು ನಮಗೆ ಸಹಜ. ಅಲ್ಲಿನವರಿಗೆ ಅದು ಬೆಂಕಿ ಬಿದ್ದಾಗ ಓಡುವ ದಾರಿಗೆ ಅಡ್ಡ. ಶಿಕಾಗೋದ ಶೋರ್‌ಲೈನ್ ಟವರ್ಸ್ ಅನ್ನುವ ಕಾಂಡೋದಲ್ಲಿ ಚಾಪೆ, ಬೂಟು, ಶೂ, ಯಾವ ವಸ್ತುವೂ ಬಾಗಿಲ ಹೊರಗೆ ಇರಬಾರದು ಅಂತ ನಿಯಮ ಇತ್ತು. ಅದೇ ನಿಯಮ ಹಿಡಿದು ಒಂದು ಯಹೂದಿ ಕುಟುಂಬದ ಬಾಗಿಲ ಚೌಕಟ್ಟಿನ ಮೇಲಿದ್ದ ಮೆಝುಝಾವನ್ನು (ಧರ್ಮವಾಕ್ಯದ ಸುರುಳಿ ಇರುವ ಚಿಕ್ಕ ಪೆಟ್ಟಿಗೆ) ಮತ್ತೆ ಮತ್ತೆ ಕಿತ್ತುಹಾಕಿದರು. ಆ ಕುಟುಂಬ ಕೋರ್ಟಿಗೆ ಹೋಯಿತು. ಇದು ಬೇಕಂತಲೇ ಮಾಡಿದ ಧಾರ್ಮಿಕ ಭೇದವೇ ಅನ್ನುವುದನ್ನು ಜ್ಯೂರಿ ಮುಂದೆ ತೀರ್ಮಾನಿಸಬಹುದು ಅಂತ 2009ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಹೇಳಿತು. ತೋರಣಕ್ಕಾಗಿ ವಾದ ಮಾಡಲು ಈ ಕೇಸು ನೆರವಾಗಬಹುದು. ಚಪ್ಪಲಿಗೆ ಆಗುವುದಿಲ್ಲ. ಚಪ್ಪಲಿ ಸ್ಟ್ಯಾಂಡು ಒಳಗೇ ಇರಲಿ.

ದೀಪಾವಳಿಯ ದೀಪದ ಸರದ ವಿಷಯ ಹೀಗೆ. ಬಹಳಷ್ಟು ಅಸೋಸಿಯೇಷನ್‌ಗಳ ರೂಲ್ಸ್ ಕ್ರಿಸ್ಮಸ್ ಮನಸ್ಸಿನಲ್ಲಿಟ್ಟು ಬರೆದದ್ದು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ನಿಂದ ಜನವರಿಯವರೆಗೆ ದೀಪ ಹಾಕಬಹುದು ಅಂತ ಇರುತ್ತದೆ. ನಮ್ಮ ದೀಪಾವಳಿ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವೆ ಬರುತ್ತದೆ. ಲೆಕ್ಕದಲ್ಲಿ ಅದು ನಿಯಮಭಂಗ! ನೋಟಿಸ್ ಬಂದ ಮೇಲೆ ಜಗಳಕ್ಕೆ ಹೋಗುವ ಬದಲು ಆಗಸ್ಟ್ ತಿಂಗಳಲ್ಲೇ ಬೋರ್ಡಿಗೆ ಬರೆಯಿರಿ. ಯಾವುದೇ ಧಾರ್ಮಿಕ ಹಬ್ಬಕ್ಕೆ ಇಷ್ಟು ದಿನ ಮೊದಲು, ಇಷ್ಟು ದಿನ ನಂತರ ಅಂತ ನಿಯಮ ಬದಲಿಸಿ ಅಂತ ಕೇಳಿ. ನಾಲ್ಕೈದು ಮನೆಯವರು ಸಹಿ ಹಾಕಿದರೆ ಒಳ್ಳೆಯದು, ಯಹೂದಿಗಳ ದೀಪದ ಹಬ್ಬ ಹನುಕಾ ಮಾಡುವವರೂ ಸೇರಿದರೆ ಇನ್ನೂ ಒಳ್ಳೆಯದು. ಬಹಳ ಬೋರ್ಡ್‌ಗಳು ಇದಕ್ಕೆ ಸಂತೋಷವಾಗಿಯೇ ಒಪ್ಪುತ್ತವೆ, ಅವರಿಗೆ ಯಾರೂ ಹೇಳಿರುವುದಿಲ್ಲ ಅಷ್ಟೇ. ಕ್ರಿಸ್ಮಸ್ ದೀಪಕ್ಕೆ ಸರಿ, ದೀಪಾವಳಿ ದೀಪಕ್ಕೆ ಇಲ್ಲ ಅಂತ ಹಟ ಹಿಡಿದರೆ ಆಗ ಫೇರ್ ಹೌಸಿಂಗ್ ಕಾಯ್ದೆಯ ಹೆಸರು ಎತ್ತಬಹುದು. ಪಟಾಕಿ ಬರೀ ಎಚ್‌ಓಎ ವಿಷಯವಲ್ಲ. ಊರಿನ, ಕೌಂಟಿಯ ಕಾನೂನು ಮೊದಲು ನೋಡಿ.

ರಂಗೋಲಿ ನಿಮ್ಮದೇ ಮೆಟ್ಟಿಲ ಮೇಲೆ, ಡ್ರೈವ್‌ವೇ ಮೇಲೆ ಪುಡಿಯಲ್ಲಿ ಹಾಕಿದರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಪೇಂಟಿನಲ್ಲಿ ಹಾಕಿದರೆ ಅದು ಬದಲಾವಣೆ, ಅರ್ಜಿ ಬೇಕು. ಕಾಂಡೋ ಕಾರಿಡಾರ್ ಸಾಮೂಹಿಕ ಜಾಗ, ಕೇಳಿಯೇ ಹಾಕಿ. ಸಂಡಿಗೆ ಹಪ್ಪಳ ಒಣಗಿಸುವುದು, ಬಟ್ಟೆ ಹರವುವುದು ಹಿತ್ತಲಿನಲ್ಲಿರಲಿ. ಕ್ಯಾಲಿಫೋರ್ನಿಯಾದಲ್ಲಿ ಹಿತ್ತಲಲ್ಲಿ ಬಟ್ಟೆ ಹರವುವುದನ್ನೂ ತರಕಾರಿ ಬೆಳೆಯುವುದನ್ನೂ ಅಸೋಸಿಯೇಷನ್ ಪೂರ್ತಿ ನಿಷೇಧಿಸುವಂತಿಲ್ಲ. ಆದರೆ ಬಾಲ್ಕನಿಯ ಕಂಬಿಗೆ ಸೀರೆ ಹಾಕುವುದಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ. ಫ್ಲೋರಿಡಾದಲ್ಲಿ 2023ರಿಂದ ಬೀದಿಯಿಂದಲೂ ಅಕ್ಕಪಕ್ಕದವರಿಗೂ ಕಾಣದ ಹಾಗೆ ಹಿತ್ತಲಲ್ಲಿಟ್ಟ ವಸ್ತುಗಳಿಗೆ ಎಚ್‌ಓಎ ಅಡ್ಡಿ ಮಾಡುವಂತಿಲ್ಲ. ಹೀರೆಕಾಯಿ ಚಪ್ಪರ ಬೇಲಿಗಿಂತ ಎತ್ತರ ಹೋಗದಿದ್ದರೆ ನೆಮ್ಮದಿ.

ಹಬ್ಬ, ನಾಮಕರಣ ಅಂತ ಜನ ಸೇರುವಾಗ ಮೊದಲು ತಕರಾರು ಬರುವುದು ಪಾರ್ಕಿಂಗಿನಿಂದ. ಹಿಂದಿನ ದಿನವೇ ಅಕ್ಕಪಕ್ಕದ ಮನೆಗೆ ಹೋಗಿ ಹೇಳಿ, ಸಂಜೆ ಒಂದು ತಟ್ಟೆ ಸಿಹಿ ಕಳಿಸಿ. ನನಗೆ ಗೊತ್ತಿರುವಂತೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕ್ಲಬ್‌ಹೌಸ್ ಬಾಡಿಗೆಗೆ ಇದ್ದರೆ ಮೊದಲೇ ಬುಕ್ ಮಾಡಿ. ಹೋಮ ಮಾಡುವುದಿದ್ದರೆ ಬೆಂಕಿ ಹಚ್ಚುವ ಬಗ್ಗೆ ಬರಹದಲ್ಲಿ ಕೇಳಿ.

ನೋಟಿಸ್ ಬಂದಾಗ

ಹೆದರಬೇಡಿ, ಎಸೆಯಲೂ ಬೇಡಿ. ಕವರಿನ ಮೇಲಿನ ಅಂಚೆ ದಿನಾಂಕದ ಫೋಟೋ ತೆಗೆಯಿರಿ. ಒಳಗೆ ಯಾವ ನಿಯಮದ ಯಾವ ಕಲಂ ಅಂತ ಹೇಳಿದ್ದಾರಾ ನೋಡಿ. ಸರಿಪಡಿಸಲು ಎಷ್ಟು ದಿನ, ಹಿಯರಿಂಗ್ (ವಿಚಾರಣೆ) ಕೇಳಲು ಎಷ್ಟು ದಿನ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಟೆಕ್ಸಸ್‌ನ ಬಡಾವಣೆಗಳಲ್ಲಿ ದಂಡ ಹಾಕುವ ಮೊದಲು ಸರ್ಟಿಫೈಡ್ ಮೇಲ್‌ನಂಥ ದಾಖಲೆ ಉಳಿಯುವ ಅಂಚೆಯಲ್ಲಿ ನೋಟಿಸ್ ಕೊಡಬೇಕು, ಸರಿಪಡಿಸಲು ಸಾಕಷ್ಟು ಸಮಯ ಕೊಡಬೇಕು. ನೋಟಿಸ್ ಅಂಚೆಗೆ ಹಾಕಿದ 30 ದಿನದೊಳಗೆ ನೀವು ಬರಹದಲ್ಲಿ ಹಿಯರಿಂಗ್ ಕೇಳಬಹುದು. ಆದರೆ ಕಳೆದ ಆರು ತಿಂಗಳಲ್ಲಿ ಅದೇ ತಪ್ಪಿಗೆ ನೋಟಿಸ್ ಬಂದಿದ್ದರೆ ಎರಡನೇ ಸಲ ಸಮಯ ಕೊಡಬೇಕಾಗಿಲ್ಲ. ಹುಲ್ಲು ಕತ್ತರಿಸುವುದರಲ್ಲಿ ಬಹಳ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ಫ್ಲೋರಿಡಾದಲ್ಲಿ 14 ದಿನದ ನೋಟಿಸ್ ಬೇಕು. ಬೋರ್ಡಿನವರಲ್ಲದ ಕನಿಷ್ಠ ಮೂವರ ಸಮಿತಿ ಒಪ್ಪಿದರೆ ಮಾತ್ರ ದಂಡ. ಸಾಮಾನ್ಯವಾಗಿ ಒಂದು ತಪ್ಪಿಗೆ 100 ಡಾಲರ್, ದಿನದಿನಕ್ಕೆ ಬೆಳೆಯುವಂಥದ್ದಾದರೆ ಒಟ್ಟು 1,000. ಡಿಕ್ಲರೇಷನ್ನಿನಲ್ಲಿ ಬೇರೆ ಇದ್ದರೆ ಅದೇ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಹಿಯರಿಂಗಿಗೆ 10 ದಿನ ಮೊದಲು ತಿಳಿಸಬೇಕು. ಅಲ್ಲಿ 2025ರ ಮಧ್ಯದಿಂದ ಒಂದು ತಪ್ಪಿಗೆ 100 ಡಾಲರಿಗಿಂತ ಜಾಸ್ತಿ ದಂಡ ಇಲ್ಲ, ಆರೋಗ್ಯ ಅಥವಾ ಸುರಕ್ಷತೆಯ ವಿಷಯ ಬಿಟ್ಟು. ಹಿಯರಿಂಗಿಗೆ ಮೊದಲೇ ಸರಿಪಡಿಸಿದರೆ ದಂಡವೇ ಇಲ್ಲ.

ತಪ್ಪು ನಿಜವಾಗಿದ್ದರೆ ಸರಿಪಡಿಸಿ, ಫೋಟೋ ಸಮೇತ ಇಮೇಲ್ ಮಾಡಿ, "ದೂರು ಮುಗಿದಿದೆ ಅಂತ ತಿಳಿಸಿ" ಅಂತ ಕೇಳಿ. ಆ ಉತ್ತರ ಬರುವವರೆಗೆ ವಿಷಯ ಮುಗಿದಿಲ್ಲ. ಸಮಯ ಬೇಕಾದರೆ ಯಾವ ತಾರೀಕಿನೊಳಗೆ ಮಾಡುತ್ತೇನೆ, ಯಾರಿಗೆ ಕೆಲಸ ಕೊಟ್ಟಿದ್ದೇನೆ ಅಂತ ಬರೆಯಿರಿ. ತಪ್ಪು ಇಲ್ಲ ಅನಿಸಿದರೆ ಚಿಕ್ಕ ಪತ್ರ ಸಾಕು. ಯಾವ ತಾರೀಕಿನ ನೋಟಿಸ್, ಯಾವ ಕಲಂ, ನಿಮ್ಮ ಪ್ರಕಾರ ಅದು ಯಾಕೆ ಅನ್ವಯಿಸುವುದಿಲ್ಲ, ಹಿಯರಿಂಗ್ ಬೇಕು. ಫೋನಿನಲ್ಲಿ ಮಾತಾಡಿದ್ದರೆ ಅದೇ ದಿನ "ನಾವು ಮಾತಾಡಿದ್ದು ಹೀಗೆ" ಅಂತ ಇಮೇಲ್ ಹಾಕಿ.

ಹಿಯರಿಂಗಿನಲ್ಲಿ ಕೂತಿರುವವರು ಸಂಬಳ ಇಲ್ಲದೆ ದುಡಿಯುವ ನಿಮ್ಮಂಥ ಮನೆಯವರೇ. ದಿನದ ಕೆಲಸ ಮುಗಿಸಿ ಬಂದಿರುತ್ತಾರೆ. ಫೋಟೋ, ಅಳತೆ, ಹಳೆಯ ಒಪ್ಪಿಗೆ ಪತ್ರ ಮೇಜಿನ ಮೇಲಿಡಿ, ಐದು ನಿಮಿಷದಲ್ಲಿ ಹೇಳಿ ಮುಗಿಸಿ. ಇದೇ ನಿಯಮ ಬೇರೆಯವರ ಮೇಲೆ ಜಾರಿಯಾಗಿಲ್ಲ ಅನ್ನುವುದು ಗಟ್ಟಿ ವಾದ. ಅದನ್ನು ಹೇಳುವಾಗ ನೆರೆಯವರನ್ನು ದೂರಬೇಡಿ. "ಇಂಥದ್ದಕ್ಕೆ ಹಿಂದೆ ಒಪ್ಪಿಗೆ ಕೊಟ್ಟಿದ್ದೀರಿ, ನನಗೂ ಕೊಡಿ" ಅಂತ ಕೇಳಿ. ಅವರ ಜೊತೆ ನಾಳೆಯೂ ಅದೇ ಬೀದಿಯಲ್ಲಿ ಬಾಳಬೇಕು, ಅಲ್ವಾ.

ಸಿಟ್ಟಿಗೆ ಡ್ಯೂಸ್ ನಿಲ್ಲಿಸಬೇಡಿ

ಈಜುಕೊಳ ಸರಿಯಿಲ್ಲ, ಅದಕ್ಕೇ ದುಡ್ಡು ಕಟ್ಟಲ್ಲ ಅನ್ನುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಡ್ಡಿ, ಲೇಟ್ ಫೀ, ವಕೀಲರ ಫೀ ಸೇರುತ್ತಾ ನೂರು ಡಾಲರ್ ಸಾವಿರವಾಗುತ್ತದೆ. ಫ್ರಿಸ್ಕೋದಲ್ಲಿ 2009ರಲ್ಲಿ ಸುಮಾರು ಮೂರು ಲಕ್ಷ ಡಾಲರ್ ಬೆಲೆಯ ಮನೆಯೊಂದು ಸುಮಾರು 800 ಡಾಲರ್ ಬಾಕಿಗಾಗಿ ಹರಾಜಾಗಿ 3,500 ಡಾಲರಿಗೆ ಹೋಯಿತು. ಮನೆ ಯಜಮಾನ ಸೈನಿಕ, ಇರಾಕಿನಲ್ಲಿದ್ದರು. ಪತ್ರಗಳು ಮನೆಗೆ ಬರುತ್ತಿದ್ದವು, ತೆರೆದು ನೋಡಿರಲಿಲ್ಲ. ಮುಂದಿನ ವರ್ಷ ರಾಜಿಯಾಗಿ ಮನೆ ವಾಪಸ್ ಸಿಕ್ಕಿತು. ಎಲ್ಲರಿಗೂ ಹಾಗೆ ಸಿಗುವುದಿಲ್ಲ.

ಈಗ ಟೆಕ್ಸಸ್‌ನಲ್ಲಿ ಬರೀ ದಂಡದ ಬಾಕಿಗೆ ಮನೆ ಹರಾಜು ಹಾಕುವಂತಿಲ್ಲ. ಡ್ಯೂಸ್ ಬಾಕಿಗೆ ಹಾಕಬಹುದು. ಹರಾಜಾದರೂ ನಿಮಗೆ ಅದರ ನೋಟಿಸ್ ಕೊಟ್ಟ ಮೇಲೆ 180 ದಿನದೊಳಗೆ ಹಣ ಕಟ್ಟಿ ಬಿಡಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಹರಾಜು ಹಾಕಬೇಕಾದರೆ ಬಾಕಿ 1,800 ಡಾಲರ್ ಮುಟ್ಟಿರಬೇಕು ಅಥವಾ 12 ತಿಂಗಳು ದಾಟಿರಬೇಕು. ಕೆಲಸ ಹೋಗಿ ಕೈ ಕಟ್ಟಿದಂತಾದರೆ ಬಾಕಿ ಬೀಳುವ ಮೊದಲೇ ಕಂತಿನ ಏರ್ಪಾಟು ಕೇಳಿ. ಟೆಕ್ಸಸ್‌ನಲ್ಲಿ 14ಕ್ಕಿಂತ ಹೆಚ್ಚು ಸೈಟುಗಳ ಅಸೋಸಿಯೇಷನ್ ಅಂಥ ಏರ್ಪಾಟು ಇಟ್ಟಿರಲೇಬೇಕು. ಲೆಕ್ಕ ತಪ್ಪು ಅನಿಸಿದರೂ ಆಕ್ಷೇಪ ಇದೆ ಅಂತ ಬರೆದು ಕಟ್ಟಿ, ಆಮೇಲೆ ಜಗಳ ಮಾಡಿ.

ಊರಿಗೆ ಹೋಗುವಾಗ, ಮನೆ ಬಾಡಿಗೆಗೆ ಕೊಡುವಾಗ

ಮಕ್ಕಳ ಬೇಸಿಗೆ ರಜೆಯಲ್ಲಿ ಆರು ವಾರ ಮೈಸೂರಿಗೋ ಹುಬ್ಬಳ್ಳಿಗೋ ಹೋಗುತ್ತೀರಿ. ಇಲ್ಲಿ ಹುಲ್ಲು ಬೆಳೆಯುವ ಕಾಲವೂ ಅದೇ. ಹುಲ್ಲು ಕತ್ತರಿಸುವವನಿಗೆ ಹೇಳಿ ಹೋಗಿ, ಸ್ಪ್ರಿಂಕ್ಲರ್ ಟೈಮರ್ ನೋಡಿ, ಕಸದ ಡಬ್ಬಿ ಒಳಗಿಡಿ. ಅಂಚೆ ತೆರೆದು ಫೋಟೋ ಕಳಿಸಲು ಒಬ್ಬ ಸ್ನೇಹಿತರನ್ನು ಒಪ್ಪಿಸಿ. ಅಂಚೆ ಕಚೇರಿಯಲ್ಲಿ ಪತ್ರ ತಡೆಹಿಡಿಸಿದರೆ ಹಿಯರಿಂಗ್ ಕೇಳುವ 30 ದಿನದ ಗಡುವೂ ಅಲ್ಲೇ ಕಳೆದುಹೋಗುತ್ತದೆ.

ವೀಸಾ ಸಮಸ್ಯೆಗೋ ಅಪ್ಪ ಅಮ್ಮನಿಗಾಗಿಯೋ ಭಾರತಕ್ಕೆ ವಾಪಸ್ ಹೋಗಬೇಕಾದೀತು, ಆಗ ಮನೆ ಬಾಡಿಗೆಗೆ ಕೊಡೋಣ ಅನ್ನುವ ಲೆಕ್ಕ ನಮ್ಮಲ್ಲಿ ಬಹಳ ಜನರ ತಲೆಯಲ್ಲಿರುತ್ತದೆ. ಹಾಗಿದ್ದರೆ ಲೀಸಿನ ನಿಯಮವನ್ನು ಕೊಳ್ಳುವಾಗಲೇ ಓದಿ. ಮೊದಲ ವರ್ಷ ಬಾಡಿಗೆಗೆ ಕೊಡುವಂತಿಲ್ಲ, ಇಷ್ಟೇ ಮನೆ ಬಾಡಿಗೆಗಿರಬಹುದು ಅಂತ ಮಿತಿಗಳು ಇರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಆ ಮಿತಿ 25 ಶೇಕಡಕ್ಕಿಂತ ಕಡಿಮೆ ಇರುವಂತಿಲ್ಲ. ಬಾಡಿಗೆದಾರರು ಮಾಡಿದ ತಪ್ಪಿಗೆ ನೋಟಿಸ್ ಬರುವುದು ನಿಮಗೇ. ರೂಲ್ಸ್ ಪ್ರತಿಯನ್ನು ಕರಾರಿಗೆ ಲಗತ್ತಿಸಿ, ದಂಡ ಬಿದ್ದರೆ ಅವರೇ ಕೊಡಬೇಕು ಅಂತ ಬರೆಸಿ.

ಅಪ್ಪ ಅಮ್ಮ ಆರು ತಿಂಗಳು ಬಂದಿರುವುದಕ್ಕೆ ಸಾಮಾನ್ಯ ಬಡಾವಣೆಯಲ್ಲಿ ತೊಂದರೆ ಇಲ್ಲ. ಗೇಟು, ಈಜುಕೊಳದ ಪಾಸ್ ಅವರ ಹೆಸರಿನಲ್ಲಿ ಮಾಡಿಸಿ. 55 ದಾಟಿದವರ ಬಡಾವಣೆಯಲ್ಲಿ ಅವರಿಗೆ ಮನೆ ಕೊಳ್ಳುವುದಾದರೆ ಮೊಮ್ಮಕ್ಕಳು ಎಷ್ಟು ದಿನ ಉಳಿಯಬಹುದು ಅನ್ನುವುದೂ ಅಲ್ಲಿ ನಿಯಮ, ಕೇಳಿಕೊಳ್ಳಿ.

ಮೀಟಿಂಗಿಗೆ ಹೋಗಿ, ಸಾಧ್ಯವಾದರೆ ಬೋರ್ಡಿಗೆ ನಿಲ್ಲಿ

ಹೊಸ ಬಡಾವಣೆಯಲ್ಲಿ ಮೊದಮೊದಲು ಬೋರ್ಡಿನಲ್ಲಿ ಕೂರುವುದು ಬಿಲ್ಡರ್ ಕಡೆಯವರೇ. ಟೆಕ್ಸಸ್‌ನಲ್ಲಿ 75 ಶೇಕಡ ಸೈಟುಗಳು ಮಾರಾಟವಾದ 120 ದಿನದೊಳಗೆ ಬೋರ್ಡಿನ ಮೂರನೇ ಒಂದು ಭಾಗವನ್ನಾದರೂ ಮನೆಯವರೇ ಆರಿಸಬೇಕು. ಆ ಮೊದಲ ಚುನಾವಣೆಯಲ್ಲಿ ನಿಲ್ಲಿ. ಮುಂದಿನ ಹತ್ತು ವರ್ಷದ ಅಭ್ಯಾಸಗಳು ಅಲ್ಲೇ ತಯಾರಾಗುತ್ತವೆ.

ವಾರ್ಷಿಕ ಸಭೆಗೆ ಕೋರಂ ಸಿಗದೆ ಹಳೆಯವರೇ ಮುಂದುವರಿಯುವುದು ಎಲ್ಲ ಕಡೆ ಇದೆ. ಬರಲಾಗದವರ ಪ್ರಾಕ್ಸಿ (ಅವರ ಪರವಾಗಿ ಮತ ಹಾಕುವ ಅಧಿಕಾರಪತ್ರ) ತೆಗೆದುಕೊಳ್ಳಲು ಅವಕಾಶ ಇದ್ದರೆ ಬೀದಿ ಸುತ್ತಿ ಸಹಿ ಮಾಡಿಸಿ. ಬೋರ್ಡ್ ಸಭೆಗಳ ನೋಟಿಸ್ ಕೂಡ ಗಮನಿಸುತ್ತಿರಿ. ಕ್ಯಾಲಿಫೋರ್ನಿಯಾದಲ್ಲಿ ಸಭೆಗೆ ನಾಲ್ಕು ದಿನ ಮೊದಲು, ಟೆಕ್ಸಸ್‌ನಲ್ಲಿ ಮಾಮೂಲು ಸಭೆಗೆ 144 ಗಂಟೆ ಮೊದಲು ತಿಳಿಸಬೇಕು. ಟೆಕ್ಸಸ್‌ನಲ್ಲಿ 40ಕ್ಕಿಂತ ಹೆಚ್ಚು ಸೈಟುಗಳಿದ್ದರೆ ಬೋರ್ಡಿನವರು, ಅವರ ಗಂಡ ಹೆಂಡತಿ ಆರ್ಕಿಟೆಕ್ಚರಲ್ ಕಮಿಟಿಯಲ್ಲಿ ಇರುವಂತಿಲ್ಲ. ಅಲ್ಲಿ ಜಾಗ ಖಾಲಿ ಇರುತ್ತದೆ. ಬೋರ್ಡಿಗೆ ಸಮಯ ಇಲ್ಲದವರು ಆ ಕಮಿಟಿಗೆ ಸೇರಿ.

ನಿಯಮ ಬದಲಿಸಬೇಕಾದರೆ ಅದು ಎಲ್ಲಿದೆ ಅಂತ ಮೊದಲು ನೋಡಿ. ಬೋರ್ಡ್ ಮಾಡಿದ ರೂಲ್ ಆದರೆ ಬೋರ್ಡೇ ಬದಲಿಸಬಹುದು. ದೀಪಾವಳಿ ದೀಪದಂಥವು ಹೆಚ್ಚಾಗಿ ಇಲ್ಲೇ ಇರುತ್ತವೆ. ಡಿಕ್ಲರೇಷನ್ನಿನಲ್ಲಿದ್ದರೆ ಸದಸ್ಯರ ಮತ ಬೇಕು. ಟೆಕ್ಸಸ್‌ನಲ್ಲಿ ಕಡಿಮೆ ಪ್ರಮಾಣ ಬರೆದಿರದಿದ್ದರೆ 67 ಶೇಕಡ. ಅದು ದೊಡ್ಡ ಕೆಲಸ, ಒಂದು ವರ್ಷ ಬೇಕಾಗಬಹುದು.

ಯಾವುದಕ್ಕೂ ಬಗ್ಗದಿದ್ದರೆ

ಮೊದಲು ದಾಖಲೆ ಕೇಳಿ. ಲೆಕ್ಕಪತ್ರ, ಮಿನಿಟ್ಸ್, ಕರಾರುಗಳನ್ನು ನೋಡುವ ಹಕ್ಕು ಸದಸ್ಯರಿಗೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಬೋರ್ಡಿನ ಒಬ್ಬರ ಜೊತೆ ಕೂತು ಮಾತಾಡುವ ಆಂತರಿಕ ಪರಿಹಾರ ಕ್ರಮವನ್ನು ನೀವು ಕೇಳಿದರೆ ಅಸೋಸಿಯೇಷನ್ ಬರಲೇಬೇಕು, ಅದಕ್ಕೆ ನಿಮ್ಮಿಂದ ಫೀಸು ಕೇಳುವಂತಿಲ್ಲ. ಚಿಕ್ಕ ಮೊತ್ತದ ಜಗಳಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ, ಅಲ್ಲಿ ವಕೀಲರು ಇಲ್ಲದೆಯೇ ನಡೆಯುತ್ತದೆ. ಲೀನ್, ಹರಾಜು, ಕೋರ್ಟ್ ಸಮನ್ಸ್ ಬಂದರೆ ಮಾತ್ರ ತಡಮಾಡದೆ ಆ ರಾಜ್ಯದ ಎಚ್‌ಓಎ ಕೇಸು ನಡೆಸುವ ವಕೀಲರನ್ನು ನೋಡಿ. ಇಮಿಗ್ರೇಷನ್ ವಕೀಲರು ಇದಕ್ಕೆ ಆಗುವುದಿಲ್ಲ.

ಧರ್ಮ, ಮೈಬಣ್ಣ, ಹುಟ್ಟಿದ ದೇಶ, ಮಕ್ಕಳಿರುವುದು, ಅಂಗವೈಕಲ್ಯ ಇವುಗಳ ಕಾರಣಕ್ಕೆ ಭೇದ ಆಗಿದೆ ಅನಿಸಿದರೆ ಕೇಂದ್ರದ ವಸತಿ ಇಲಾಖೆಯಾದ ಹಡ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ದೂರಿಗೆ ಫೀಸಿಲ್ಲ. ಕೋರ್ಟಿಗೆ ಹೋಗುವುದಾದರೆ ಎರಡು ವರ್ಷ ಸಮಯ. ಗ್ರೀನ್ ಕಾರ್ಡ್ ಇಲ್ಲ, ವೀಸಾದಲ್ಲಿದ್ದೇವೆ ಅಂತ ಹಿಂದೆ ಸರಿಯುವವರು ಬಹಳ. ಈ ಕಾಯ್ದೆಯ ರಕ್ಷಣೆಗೆ ಪೌರತ್ವ ಬೇಕಾಗಿಲ್ಲ. ದೂರಿನ ಜೊತೆ ನೋಟಿಸ್‌ಗಳು, ನೀವು ಬರೆದ ಪತ್ರಗಳು, ಫೋಟೋಗಳು, ಬೇರೆಯವರಿಗೆ ಕೊಟ್ಟ ಒಪ್ಪಿಗೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಕೊಡಿ.